ಕೇಸ್‌ಶೀಟಿನಲ್ಲಿ ತಾಯಿಯ ಮಾತಿಗೆ ಜಾಗವಿಲ್ಲವೇ?

2021ರ ಜುಲೈಯಲ್ಲಿ ಮಾರ್ತಾ ಮಿಲ್ಸ್ ಎಂಬ 13ರ ಹರೆಯದ ಬಾಲಕಿ ಹೆತ್ತವರೊಂದಿಗೆ ರಜೆ ಕಳೆಯಲು ಬ್ರಿಟನ್ನಿನ ವೇಲ್ಸ್‌ಗೆ ಹೋಗಿದ್ದಳು. ಅಲ್ಲಿ ಸೈಕಲಿನಿಂದ ಬಿದ್ದಳು. ಸೈಕಲಿನ ಹಿಡಿ ಹೊಟ್ಟೆಗೆ ಬಡಿದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಪ್ರಾಣ ತೆಗೆಯುವಂಥ ಗಾಯ ಅದಾಗಿರಲಿಲ್ಲ. ಆಕೆಯನ್ನು ಲಂಡನ್ನಿನ ಪ್ರಸಿದ್ಧ ಕಿಂಗ್ಸ್ ಕಾಲೇಜ್ ಆಸ್ಪತ್ರೆಗೆ ಸೇರಿಸಲಾಯಿತು. ವಾರಗಳು ಉರುಳಿದಂತೆ ಸೋಂಕು ದೇಹವಿಡೀ ಹರಡತೊಡಗಿತು. ಜ್ವರ ಏರಿತು, ರಕ್ತಸ್ರಾವವಾಯಿತು, ಮೈಮೇಲೆ ದದ್ದುಗಳೆದ್ದವು. ಹಾಸಿಗೆಯ ಪಕ್ಕದಲ್ಲಿದ್ದ ತಾಯಿ ತನ್ನ ಭಯವನ್ನು ಮತ್ತೆ ಮತ್ತೆ ಹೇಳಿದಳು. ರಜಾದಿನಗಳ ಆ ವಾರಾಂತ್ಯದಲ್ಲಿ ಹಿರಿಯ ವೈದ್ಯರಿಲ್ಲದ ಹೊತ್ತಿಗೆ ಮಗಳು ಸೋಂಕಿನ ಆಘಾತಕ್ಕೆ ಒಳಗಾದರೆ ಗತಿಯೇನೆಂದು ಕೇಳಿದಳು. ಆಕೆಗೆ ಸಿಕ್ಕಿದ್ದು ಸಮಾಧಾನದ ಮಾತುಗಳೇ ಹೊರತು ತೀವ್ರ ನಿಗಾ ಘಟಕದ ಹಾಸಿಗೆಯಲ್ಲ. ಆಗಸ್ಟ್ 31ರಂದು, 14ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಮಾರ್ತಾ ತೀರಿಕೊಂಡಳು. ಸಕಾಲದಲ್ಲಿ ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದರೆ ಆಕೆ ಬಹುತೇಕ ಬದುಕುಳಿಯುತ್ತಿದ್ದಳೆಂದು 2022ರಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ಆಸ್ಪತ್ರೆ ಕ್ಷಮೆ ಯಾಚಿಸಿತು.

ಈ ತಾಯಿ ಅನಕ್ಷರಸ್ಥೆಯಲ್ಲ. ಆ ದೇಶದ ಭಾಷೆ ಬಾರದವಳಲ್ಲ. ಮೆರೋಪಿ ಮಿಲ್ಸ್ ಎಂಬ ಈಕೆ ಬ್ರಿಟನ್ನಿನ ದೊಡ್ಡ ಪತ್ರಿಕೆಗಳಲ್ಲೊಂದಾದ ಗಾರ್ಡಿಯನ್‌ನ ಹಿರಿಯ ಸಂಪಾದಕಿ. ಮಾತುಗಳನ್ನೇ ವೃತ್ತಿಯಾಗಿಸಿಕೊಂಡ ಮಹಿಳೆಯ ಮಾತೇ ಮಗಳ ಹಾಸಿಗೆಯ ಬಳಿ ಬೆಲೆ ಕಳಕೊಂಡಿತೆಂದಾದರೆ ನಮ್ಮ ಪಟ್ಟಣದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ, ಬ್ಯಾರಿಯಲ್ಲೋ ದಕ್ಖನಿ ಉರ್ದುವಿನಲ್ಲೋ ಮಾತಾಡುವ, ಬುರ್ಖಾದೊಳಗೆ ಮುದುಡಿ ಕುಳಿತಿರುವ ತಾಯಿಯ ಮಾತಿಗೆ ಎಷ್ಟು ಬೆಲೆಯಿದ್ದೀತು? ನಾವು ಕೇಳಬೇಕಾದ ಪ್ರಶ್ನೆ ಇದು. ಆದರೆ ಈ ಪ್ರಶ್ನೆಯನ್ನು ಆಸ್ಪತ್ರೆಗೆ ಮಾತ್ರ ಕೇಳಿ ಕೈ ತೊಳೆದುಕೊಳ್ಳುವುದಕ್ಕೆ ನಮಗೆ ನೈತಿಕ ಹಕ್ಕಿಲ್ಲ. ಯಾಕೆಂದರೆ ಅಂಥದ್ದೊಂದು ತಾಯಿಯ ಬಾಯಿ ಮುಚ್ಚಿಸಿದವರಲ್ಲಿ ನಾವೂ ಇದ್ದೇವೆ.

2024ರ ಮಳೆಗಾಲ. ರಾಜ್ಯದುದ್ದಕ್ಕೂ ಡೆಂಗಿ ಹಬ್ಬಿತ್ತು. ಆ ಸಪ್ಟೆಂಬರಿನಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಕರಾವಳಿಯ ಪಟ್ಟಣವೊಂದರ ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ನೆರೆಮನೆಯ ಐದು ವರ್ಷದ ಬಾಲಕ ಮಲಗಿದ್ದ. ತಂದೆ ಕೊಲ್ಲಿಯಲ್ಲಿ ದುಡಿಯುತ್ತಿದ್ದರು. ಆದ್ದರಿಂದ ವೈದ್ಯರೊಂದಿಗೆ ಮಾತಾಡುವ ಜವಾಬ್ದಾರಿ ನಮ್ಮ ಹೆಗಲಿಗೆ ಬಿದ್ದಿತ್ತು. ನಾಲ್ಕನೆಯ ದಿನ ಜ್ವರ ಇಳಿಯಿತು. ವೈದ್ಯರು ಬಂದರು, ಚಾರ್ಟ್ ನೋಡಿದರು, ‘ಜ್ವರ ಬಿಟ್ಟಿದೆ, ನಾಳೆ ಮನೆಗೆ ಹೋಗಬಹುದು’ ಎಂದರು. ತಾಯಿ ಮಾತ್ರ ನಮ್ಮ ಕಡೆ ತಿರುಗಿ, ‘ಇವನು ನಿನ್ನೆಯ ಹಾಗಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ಬೆಳಗ್ಗಿನಿಂದ ಮೂತ್ರ ಮಾಡಿಲ್ಲ. ಕೈಕಾಲು ತಣ್ಣಗಿದೆ. ಡಾಕ್ಟರಲ್ಲಿ ಹೇಳಿ’ ಎಂದಳು. ನಾವೇನು ಮಾಡಿದೆವು? ಮದ್ರಸದಲ್ಲಿ ಓದಿದ, ಪದವಿ ಪಡೆದ, ಪತ್ರಿಕೆಯಲ್ಲಿ ಬರೆಯುವ, ನಾಲ್ಕು ಭಾಷೆ ಬಲ್ಲ ನಾವು, ‘ಡಾಕ್ಟರೇ ಹೇಳಿದ್ದಾರಲ್ಲ, ನೀವು ಗಾಬರಿಯಾಗಬೇಡಿ’ ಎಂದು ಆಕೆಯನ್ನೇ ಸುಮ್ಮನಾಗಿಸಿದೆವು. ಅವಸರದಲ್ಲಿದ್ದ ವೈದ್ಯರ ಮುಂದೆ ಅವಿದ್ಯಾವಂತರಂತೆ ಕಾಣಿಸಿಕೊಳ್ಳಲು ನಮಗೆ ಮನಸ್ಸಿರಲಿಲ್ಲ. ನಿಜ ಅದು.

ರಾತ್ರಿ ಪಾಳಿಯ ವಯಸ್ಸಾದ ನರ್ಸೊಬ್ಬರು ಬಂದಾಗ ಆ ತಾಯಿ ನಮ್ಮ ನೆರವಿಲ್ಲದೆಯೇ ತನ್ನ ಮುರುಕು ಕನ್ನಡದಲ್ಲಿ ಮತ್ತೆ ಅದನ್ನೇ ಹೇಳಿದಳು. ಆ ನರ್ಸ್ ನಿಂತರು. ಮಗುವಿನ ಪಾದ ಮುಟ್ಟಿದರು. ರಕ್ತದೊತ್ತಡ ನೋಡಿದರು. ಬಳಿಕ ಯಾರ ಅಪ್ಪಣೆಗೂ ಕಾಯದೆ ಹಿರಿಯ ವೈದ್ಯರ ಮನೆಗೆ ಫೋನಾಯಿಸಿದರು. ಮಗು ಬದುಕಿತು. ಡೆಂಗಿಯಲ್ಲಿ ಅಪಾಯದ ಘಟ್ಟ ಆರಂಭವಾಗುವುದೇ ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿನಲ್ಲಿ ಎಂಬುದನ್ನು ನಾವು ತಿಳಿದದ್ದು ಆ ಮೇಲೆ. ತಡೆಯಿಲ್ಲದ ವಾಂತಿ, ಹೊಟ್ಟೆನೋವು, ಮಂಪರು ಅಥವಾ ಚಡಪಡಿಕೆ, ಒಸಡು ಮೂಗುಗಳಿಂದ ರಕ್ತ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಇವೆಲ್ಲ ಆ ಘಟ್ಟದ ಎಚ್ಚರಿಕೆಗಳು. ಚಾರ್ಟಿನಲ್ಲಿ ಜ್ವರದ ಗೆರೆ ಕೆಳಗಿಳಿದಿತ್ತು. ತಾಯಿಯ ಕಣ್ಣು ಬೇರೆಯದನ್ನೇ ನೋಡಿತ್ತು. ಆ ದಿನ ಚಾರ್ಟಿಗಿಂತ ತಾಯಿಯೇ ಸರಿಯಿದ್ದಳು.

ಆ ನರ್ಸ್ ಆ ರಾತ್ರಿ ರಜೆಯಲ್ಲಿದ್ದಿದ್ದರೆ? ಅವರು ಎಳೆಯ ವಯಸ್ಸಿನವರಾಗಿದ್ದು, ‘ಇಷ್ಟು ಸಣ್ಣ ವಿಷಯಕ್ಕೆ ರಾತ್ರಿ ನನಗೆ ಫೋನು ಮಾಡಿದ್ದೇಕೆ?’ ಎಂದು ಗದರಿಸಿಕೊಳ್ಳುವ ಭಯವಿದ್ದಿದ್ದರೆ? ಒಂದು ಮಗುವಿನ ಪ್ರಾಣ ಒಬ್ಬ ನರ್ಸಿನ ಒಳ್ಳೆಯತನದ ಮೇಲೆ ನಿಂತಿರುವುದಾದರೆ ಅದನ್ನು ವ್ಯವಸ್ಥೆ ಎಂದು ಕರೆಯಲಾಗದು. ಅದು ಅದೃಷ್ಟ. ಅದೃಷ್ಟವನ್ನು ನಂಬಿ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕೇ?

ಹೆತ್ತವರ ಮಾತು ಕಿವಿಗೆ ಬೀಳದೇ ಹೋದ ದುರಂತ ಒಂದೆರಡು ದೇಶಗಳದ್ದಲ್ಲ. 2001ರಲ್ಲಿ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹದಿನೆಂಟು ತಿಂಗಳ ಜೋಸಿ ಕಿಂಗ್ ಸುಟ್ಟ ಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದಳು. ಮಗು ವಿಪರೀತ ಬಾಯಾರಿದೆ, ಮೈ ಒರೆಸುವ ಒದ್ದೆ ಬಟ್ಟೆಯನ್ನೇ ಹೀರುತ್ತಿದೆ ಎಂದು ತಾಯಿ ಹೇಳಿದಳು. ಜಗತ್ತಿನ ಹೆಸರಾಂತ ಆಸ್ಪತ್ರೆಗಳಲ್ಲೊಂದರಲ್ಲಿ ಆ ಮಗು ನಿರ್ಜಲೀಕರಣದಿಂದ, ಔಷಧ ನೀಡಿಕೆಯ ಎಡವಟ್ಟಿನಿಂದ ಮೃತಪಟ್ಟಿತು. 2007ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೂರು ವರ್ಷವೂ ತುಂಬದ ರಯಾನ್ ಸಾಂಡರ್ಸ್ ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಬಲಿಯಾದ. ಮಗನ ಸ್ಥಿತಿ ಬಿಗಡಾಯಿಸುತ್ತಿದೆಯೆಂಬ ಹೆತ್ತವರ ಆತಂಕಕ್ಕೆ ತಕ್ಕ ಸ್ಪಂದನೆ ಸಿಕ್ಕಿರಲಿಲ್ಲ.

2021ರ ಎಪ್ರಿಲ್ 3ರಂದು ಅದೇ ಆಸ್ಟ್ರೇಲಿಯಾದ ಪರ್ತ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಏಳು ವರ್ಷದ ಐಶ್ವರ್ಯಾ ಅಶ್ವತ್ ಸಾವಿಗೀಡಾದಳು. ಆಕೆಯ ಹೆತ್ತವರು ನಮ್ಮ ನೆರೆಯ ಕೇರಳದವರು. ತುರ್ತು ವಿಭಾಗದಲ್ಲಿ ಸುಮಾರು ಎರಡು ಗಂಟೆಗಳ ಕಾಲ ಅವರು ಕಾದರು. ಮಗಳ ಕಣ್ಣುಗಳಲ್ಲಿ ಬದಲಾವಣೆ ಕಂಡು ತಾಯಿ ಎದ್ದು ಹೋಗಿ ಸಿಬ್ಬಂದಿಯಲ್ಲಿ ಹೇಳಿದಳು. ಒಂದಲ್ಲ, ಹಲವು ಬಾರಿ ಹೇಳಿದಳು. ಬಳಿಕ ನಡೆದ ಆಂತರಿಕ ತನಿಖೆ 11 ಶಿಫಾರಸುಗಳನ್ನು ಮಾಡಿತು. ಹೆತ್ತವರು ತಮ್ಮ ಆತಂಕವನ್ನು ಮೇಲಿನವರಿಗೆ ಮುಟ್ಟಿಸಲು ಸ್ಪಷ್ಟ ದಾರಿಯಿರಬೇಕು ಎಂಬುದು ಅದರಲ್ಲೊಂದು. ಬೇರೆ ಸಂಸ್ಕೃತಿಯ ಜನರನ್ನು ಅರ್ಥ ಮಾಡಿಕೊಳ್ಳುವ ತಿಳುವಳಿಕೆ ಸಿಬ್ಬಂದಿಗೆ ಬೇಕು ಎಂಬುದು ಇನ್ನೊಂದು. ಈ ಎರಡನೆಯ ಶಿಫಾರಸನ್ನು ನಮ್ಮ ದೇಶದ ಎಲ್ಲ ಅಲ್ಪಸಂಖ್ಯಾತರು ಎರಡೆರಡು ಬಾರಿ ಓದಬೇಕು.

ಈ ನಾಲ್ಕು ಮಕ್ಕಳ ಹೆತ್ತವರು ಮುಂದೇನು ಮಾಡಿದರೆಂಬುದು ಮುಖ್ಯ. ಅವರಾರೂ ಆಸ್ಪತ್ರೆಯ ಗಾಜು ಒಡೆಯಲಿಲ್ಲ. ತಮ್ಮ ಮಗುವಿನ ಮರಣವನ್ನು ಮುಂದಿಟ್ಟು ಇತರರ ಮಕ್ಕಳಿಗಾಗಿ ನಿಯಮಗಳನ್ನು ಬದಲಾಯಿಸುವಂತೆ ಒತ್ತಾಯಿಸಿದರು. ಜೋಸಿಯ ತಾಯಿಯ ಹೋರಾಟದ ಪ್ರೇರಣೆಯಿಂದ 2005ರಲ್ಲಿ ಅಮೇರಿಕದ ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದು ರೋಗಿಯ ಕುಟುಂಬವೇ ತುರ್ತು ತಂಡವನ್ನು ಕರೆಯಬಹುದಾದ ವ್ಯವಸ್ಥೆ ತಂದಿತು. ಕ್ವೀನ್ಸ್‌ಲ್ಯಾಂಡ್ 2013ರಲ್ಲಿ ‘ರಯಾನ್ ನಿಯಮ’ ಜಾರಿಗೊಳಿಸಿತು. ಅದು ಬಲು ಸರಳ. ಮೊದಲು ನರ್ಸ್ ಅಥವಾ ವೈದ್ಯರಲ್ಲಿ ಹೇಳಿ. ಸಮಾಧಾನವಾಗದಿದ್ದರೆ ವಾರ್ಡಿನ ಮುಖ್ಯ ನರ್ಸಿನಲ್ಲಿ ಹೇಳಿ. ಆಗಲೂ ಆಗದಿದ್ದರೆ ಗೋಡೆಯ ಮೇಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಇನ್ನೊಬ್ಬ ವೈದ್ಯರು ಬಂದು ನೋಡುತ್ತಾರೆ. ಪರ್ತ್‌ನಲ್ಲಿ ಐಶ್ವರ್ಯಾಳ ಹೆಸರಿನಲ್ಲೇ ಅಂಥ ಕರೆಯ ವ್ಯವಸ್ಥೆ ಬಂತು. ಬ್ರಿಟನ್ನಿನಲ್ಲಿ 2024ರಲ್ಲಿ ‘ಮಾರ್ತಾ ನಿಯಮ’ ಮೊದಲ ಹಂತವಾಗಿ 143 ಆಸ್ಪತ್ರೆಗಳಿಗೆ ಬಂತು. ಮರುವರ್ಷ ಅದನ್ನು ಇಂಗ್ಲೆಂಡಿನ ತುರ್ತು ಚಿಕಿತ್ಸೆ ನೀಡುವ ಎಲ್ಲ ಸರಕಾರಿ ಆಸ್ಪತ್ರೆಗಳಿಗೂ ವಿಸ್ತರಿಸಲಾಯಿತು.

ಮಾರ್ತಾ ನಿಯಮದಲ್ಲಿ ಮೂರು ಅಂಶಗಳಿವೆ. ರೋಗಿ ಹೇಗಿದ್ದಾರೆಂದು ಸ್ವತಃ ರೋಗಿಯನ್ನೋ ಕುಟುಂಬದವರನ್ನೋ ದಿನಕ್ಕೊಮ್ಮೆಯಾದರೂ ಕೇಳಿ ಆ ಉತ್ತರವನ್ನು ದಾಖಲಿಸಬೇಕು. ಸಿಬ್ಬಂದಿಯಲ್ಲಿ ಯಾರಿಗೇ ಆತಂಕವಾದರೂ ಚಿಕಿತ್ಸೆ ನೀಡುತ್ತಿರುವ ತಂಡವನ್ನು ದಾಟಿ ಬೇರೊಂದು ತಂಡವನ್ನು ಕರೆಯುವ ಅಧಿಕಾರ ಅವರಿಗಿರಬೇಕು. ಅದೇ ಅಧಿಕಾರ ಹಗಲಿರುಳೂ ಕುಟುಂಬದವರಿಗೂ ಇರಬೇಕು, ಮತ್ತು ಅದು ಅವರಿಗೆ ಗೊತ್ತಿರಬೇಕು. ಎರಡನೆಯ ಅಂಶವನ್ನು ಗಮನಿಸಿ. ಅದು ಹೆತ್ತವರಿಗಾಗಿ ಇರುವುದಲ್ಲ, ನರ್ಸಿಗಾಗಿ ಇರುವುದು. ಹೆತ್ತವರ ಮಾತು ಕೇಳಬೇಕೆಂದು ನರ್ಸಿಗೆ ಉಪದೇಶಿಸುವುದು ಸುಲಭ. ಕೇಳಿಸಿಕೊಂಡ ಬಳಿಕ ಏನಾದರೂ ಮಾಡುವ ಅಧಿಕಾರವನ್ನು ಆಕೆಗೆ ಕೊಡದಿದ್ದರೆ ಆಕೆಯಾದರೂ ಯಾಕೆ ಕೇಳಿಸಿಕೊಂಡಾಳು? ನಮ್ಮ ಆಸ್ಪತ್ರೆಗಳಲ್ಲಿ ಹೆತ್ತವರ ಮಾತು ಸತ್ತು ಹೋಗುವುದು ಹೆಚ್ಚಾಗಿ ಕಿವುಡುತನದಿಂದಲ್ಲ, ಭಯದಿಂದ. ಕಿರಿಯ ನರ್ಸಿಗೆ ಹಿರಿಯ ನರ್ಸಿನ ಭಯ. ಹಿರಿಯ ನರ್ಸಿಗೆ ಕಿರಿಯ ವೈದ್ಯರ ಭಯ. ಕಿರಿಯ ವೈದ್ಯರಿಗೆ ಹಿರಿಯ ವೈದ್ಯರ ನಿದ್ದೆ ಕೆಡಿಸುವ ಭಯ. ಈ ಮೆಟ್ಟಿಲುಗಳನ್ನೇರುವಷ್ಟರಲ್ಲಿ ತಾಯಿಯ ಮಾತು ಉಸಿರು ಕಟ್ಟಿ ಬಿದ್ದಿರುತ್ತದೆ.

ಇದಕ್ಕೆ ವೈದ್ಯ ಸಮುದಾಯದಿಂದ ಬರುವ ಆಕ್ಷೇಪಗಳು ನಮಗೆ ಗೊತ್ತು. ಮೊದಲನೆಯದು, ಎಲ್ಲ ತಾಯಂದಿರೂ ಗಾಬರಿಯಾಗುತ್ತಾರೆ, ಎಲ್ಲರ ಮಾತಿಗೂ ಓಡಿ ಬರಲು ಸಾಧ್ಯವೇ ಎಂಬುದು. ಉತ್ತರವನ್ನು ಸಂಖ್ಯೆಗಳಿಂದಲೇ ಕೊಡೋಣ. ಇಂಗ್ಲೆಂಡಿನಲ್ಲಿ 2024ರ ಸಪ್ಟೆಂಬರಿನಿಂದ 2025ರ ಜೂನ್‌ವರೆಗೆ ಮಾರ್ತಾ ನಿಯಮದಡಿ 4,900ಕ್ಕೂ ಅಧಿಕ ಕರೆಗಳು ಬಂದವು. ಅವುಗಳಲ್ಲಿ 200ಕ್ಕೂ ಅಧಿಕ ಕರೆಗಳು ಜೀವ ಉಳಿಸಿರಬಹುದಾದ ಚಿಕಿತ್ಸೆಗೆ ದಾರಿ ಮಾಡಿಕೊಟ್ಟವು. ಉಳಿದ ಅನೇಕ ಕರೆಗಳಿಂದ ಚಿಕಿತ್ಸೆಯಲ್ಲಿ ಬೇರೆ ಬದಲಾವಣೆಗಳಾದವು. ಇನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ಸಿಬ್ಬಂದಿ ಹೆತ್ತವರಲ್ಲಿ, ‘ನಿಮ್ಮ ಮಗುವಿನ ಸ್ಥಿತಿ ಹದಗೆಡುತ್ತಿದೆಯೆಂಬ ಚಿಂತೆ ನಿಮಗಿದೆಯೇ?’ ಎಂಬ ಒಂದೇ ಪ್ರಶ್ನೆ ಕೇಳುತ್ತಿದ್ದರು. ಹೌದೆಂದವರು ನೂರರಲ್ಲಿ ಐದು ಮಂದಿಯೂ ಇರಲಿಲ್ಲ. ಎಲ್ಲ ತಾಯಂದಿರೂ ಗಾಬರಿಯಾಗುತ್ತಾರೆಂಬ ವಾದ ಇಲ್ಲಿಗೆ ಮುಗಿಯಿತು. ಹೌದೆಂದವರ ಮಕ್ಕಳು ತೀವ್ರ ನಿಗಾ ಘಟಕ ಸೇರುವ ಸಾಧ್ಯತೆ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ನಾಡಿ, ಉಸಿರಾಟ, ರಕ್ತದೊತ್ತಡಗಳ ಏರುಪೇರಿಗಿಂತಲೂ ಹೆತ್ತವರ ಚಿಂತೆಯೇ ಬಲವಾದ ಸೂಚನೆಯಾಗಿತ್ತು. ಇದು ಭಾವುಕತೆಯಲ್ಲ, ವೈದ್ಯವಿಜ್ಞಾನ.

ಇದರಲ್ಲಿ ಅಚ್ಚರಿಪಡುವಂಥದ್ದೂ ಇಲ್ಲ. ವೈದ್ಯರು ಮಗುವನ್ನು ದಿನಕ್ಕೆ ಐದು ನಿಮಿಷ ನೋಡುತ್ತಾರೆ. ನರ್ಸ್ ಪಾಳಿಗೆ ನಾಲ್ಕೈದು ಬಾರಿ ನೋಡುತ್ತಾರೆ. ತಾಯಿ ಹುಟ್ಟಿದಂದಿನಿಂದ ನೋಡುತ್ತಿದ್ದಾಳೆ. ಮಗು ಹಸಿವಿಗೆ ಅಳುವುದು ಹೇಗೆ, ನೋವಿಗೆ ಅಳುವುದು ಹೇಗೆ, ಹಟಕ್ಕೆ ಅಳುವುದು ಹೇಗೆ ಎಂಬುದು ಅವಳಿಗೆ ಗೊತ್ತು. ವೈದ್ಯರಿಗೆ ಕಾಯಿಲೆ ಗೊತ್ತು, ತಾಯಿಗೆ ಮಗು ಗೊತ್ತು. ಈ ಎರಡು ಜ್ಞಾನಗಳು ಸೇರಬೇಕಾದ ಸ್ಥಳವೇ ಆಸ್ಪತ್ರೆ. ತಾಯಿ ರೋಗನಿದಾನ ಮಾಡಬೇಕೆಂದೋ ಔಷಧ ನಿರ್ಧರಿಸಬೇಕೆಂದೋ ನಾವು ಹೇಳುತ್ತಿಲ್ಲ. ಅವಳು ಕಂಡದ್ದನ್ನು ದಾಖಲೆಯಾಗಿ ಸ್ವೀಕರಿಸಿ ಎಂದಷ್ಟೇ ಹೇಳುತ್ತಿದ್ದೇವೆ.

ಎರಡನೆಯ ಆಕ್ಷೇಪ ಸಿಬ್ಬಂದಿಯ ಕೊರತೆ. ಇದು ಸುಳ್ಳಲ್ಲ. ವಾರ್ಡಿನ ತುಂಬ ಮಕ್ಕಳನ್ನು ಒಬ್ಬರೇ ನರ್ಸ್ ನೋಡಿಕೊಳ್ಳುವ ಸ್ಥಿತಿ ನಮ್ಮಲ್ಲಿ ಅಪರೂಪವಲ್ಲ. ಪರ್ತ್‌ನ ಪ್ರಕರಣದಲ್ಲೂ ಸಿಬ್ಬಂದಿಯ ಮೇಲಿದ್ದ ಹೊರೆಯ ಮಾತು ಬಂದಿತ್ತು. ಆದರೆ ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಅಷ್ಟಕ್ಕೂ, ಸಿಬ್ಬಂದಿ ಕಡಿಮೆಯಿರುವಲ್ಲಿ ಹಗಲಿರುಳು ಸಂಬಳವಿಲ್ಲದೆ ಮಗುವನ್ನು ಗಮನಿಸುತ್ತಿರುವ ವ್ಯಕ್ತಿಯನ್ನು ಹೆಚ್ಚು ಬಳಸಿಕೊಳ್ಳಬೇಕೋ ಕಡಿಮೆಯೋ? ನರ್ಸಿಗೆ ಎಲ್ಲ ಹಾಸಿಗೆಗಳ ಬಳಿ ನಿಲ್ಲಲಾಗದೆಂದಾದರೆ ಪ್ರತಿ ಹಾಸಿಗೆಯ ಬಳಿ ನಿಂತಿರುವ ತಾಯಿಯೇ ಅವರ ಕಣ್ಣಾಗಬೇಡವೇ?

ಮೂರನೆಯದು, ಅದು ಓದು ಬಲ್ಲವರ ದೇಶದ ಮಾತು, ನಮ್ಮ ಜನರಿಗೆ ಅಷ್ಟು ತಿಳುವಳಿಕೆಯಿಲ್ಲ ಎಂಬುದು. ಈ ವಾದವನ್ನು ಮುಂದಿಡುವವರು ನಮ್ಮ ಸರಕಾರದ್ದೇ ತರಬೇತಿಯನ್ನು ಮರೆತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನವನ್ನು ಅನುಸರಿಸಿ ಬಾಲ್ಯದ ಕಾಯಿಲೆಗಳ ಬಗ್ಗೆ ಈ ದೇಶದ ಗ್ರಾಮೀಣ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡಲಾಗುತ್ತದೆ. ಅದರ ಮೊದಲ ಹೆಜ್ಜೆಯೇ ತಾಯಿಯನ್ನು ಕೇಳುವುದು. ಮಗುವಿಗೆ ಕುಡಿಯಲು, ಎದೆಹಾಲು ಹೀರಲು ಆಗುತ್ತಿದೆಯೇ? ತಿಂದದ್ದೆಲ್ಲ ವಾಂತಿಯಾಗುತ್ತಿದೆಯೇ? ಫಿಟ್ಸ್ ಬಂದಿತ್ತೇ? ಉತ್ತರದಲ್ಲಿ ಅಪಾಯದ ಒಂದು ಚಿಹ್ನೆ ಕಂಡರೂ ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಅಂದರೆ ಹಳ್ಳಿಯ ಮನೆಬಾಗಿಲಲ್ಲಿ ಅನಕ್ಷರಸ್ಥ ತಾಯಿಯ ಮಾತಿಗೆ ಮಾನ್ಯತೆಯಿದೆ. ಅದೇ ತಾಯಿ ಅದೇ ಮಗುವನ್ನೆತ್ತಿಕೊಂಡು ಪಟ್ಟಣದ ಹವಾನಿಯಂತ್ರಿತ ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಅವಳ ಮಾತಿನ ಮಾನ್ಯತೆ ಕಳೆದುಹೋಗುತ್ತದೆ. ವಿಪರ್ಯಾಸವಲ್ಲವೇ ಇದು?

ಈಗ ಸರಕಾರದ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ನವೆಂಬರಿನಲ್ಲಿ ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಅಂದು ನಡೆದ ಚರ್ಚೆಯೆಲ್ಲ ದರ ನಿಗದಿ ಮತ್ತು ಜೈಲು ಶಿಕ್ಷೆಯ ಪ್ರಸ್ತಾಪದ ಸುತ್ತಲೇ ಇತ್ತು. ಕೊನೆಗೆ ರೋಗಿಗಳ ಸನ್ನದು ಬಂತು, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಬಂತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 17 ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ಮಾಹಿತಿಯ ಹಕ್ಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು, ದೂರು ನೀಡಿ ಪರಿಹಾರ ಪಡೆಯುವ ಹಕ್ಕು ಎಲ್ಲವೂ ಅದರಲ್ಲಿವೆ. ಇವು ಒಳ್ಳೆಯವೇ. ಆದರೆ ಇವುಗಳ ಸ್ವಭಾವವನ್ನು ಗಮನಿಸಿ. ದೂರು ನೀಡುವುದು ಯಾವಾಗ? ಎಲ್ಲ ಮುಗಿದ ಮೇಲೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕಾದರೆ ಫೈಲು ಹಿಡಿದುಕೊಂಡು ಹೊರಹೋಗಬೇಕು. ರಾತ್ರಿ ಎರಡು ಗಂಟೆಗೆ ಮಗು ಕೈಜಾರುತ್ತಿರುವಾಗ ಜಿಲ್ಲಾಧಿಕಾರಿಯ ಪ್ರಾಧಿಕಾರಕ್ಕೆ ಅರ್ಜಿ ಬರೆಯಲಾಗುತ್ತದೆಯೇ? ನಮ್ಮ ಕಾನೂನಿಗೂ ಕಿವಿಯಿದೆ. ಆದರೆ ಅದು ತೆರೆಯುವುದು ಮಯ್ಯಿತ್ ಮನೆಯಿಂದ ಹೊರಟ ಮೇಲೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಒಂದು, ಮಕ್ಕಳನ್ನು ದಾಖಲಿಸಿಕೊಳ್ಳುವ ಪ್ರತಿಯೊಂದು ಆಸ್ಪತ್ರೆಯಲ್ಲಿ, ಸರಕಾರಿಯಿರಲಿ ಖಾಸಗಿಯಿರಲಿ, ಪಾಳಿ ಬದಲಾಗುವಾಗಲೆಲ್ಲ ನರ್ಸ್ ತಾಯಿಯನ್ನೋ ತಂದೆಯನ್ನೋ ‘ಮಗು ಹೇಗಿದೆಯೆಂದು ನಿಮಗನಿಸುತ್ತದೆ? ನಿನ್ನೆಗಿಂತ ಬದಲಾವಣೆ ಕಾಣುತ್ತಿದೆಯೇ?’ ಎಂದು ಕೇಳಬೇಕು. ಉತ್ತರವನ್ನು ಅವರದ್ದೇ ಮಾತಿನಲ್ಲಿ ಕೇಸ್‌ಶೀಟಿನಲ್ಲಿ ಬರೆಯಬೇಕು. ಉಷ್ಣತೆಗೆ ಒಂದು ಸಾಲು, ನಾಡಿಗೆ ಒಂದು ಸಾಲು ಇರುವಾಗ ತಾಯಿಯ ಮಾತಿಗೂ ಒಂದು ಸಾಲು ಇರಲಿ. ಬರೆದದ್ದನ್ನು ಮರುದಿನ ವೈದ್ಯರು ಓದಲೇಬೇಕಾಗುತ್ತದೆ. ಎರಡು, ‘ಸ್ಥಿತಿ ಹದಗೆಡುತ್ತಿದೆ’ ಎಂದು ಹೆತ್ತವರು ಹೇಳಿದರೆ ಇಂತಿಷ್ಟು ಹೊತ್ತಿನೊಳಗೆ ವೈದ್ಯರು ಬಂದು ಮಗುವನ್ನು ಮುಟ್ಟಿ ನೋಡಬೇಕೆಂಬ ನಿಯಮವಿರಬೇಕು. ಮೂರು, ಆಗಲೂ ಸಮಾಧಾನವಾಗದಿದ್ದರೆ ಕರೆಯಬಹುದಾದ ಇನ್ನೊಬ್ಬ ವೈದ್ಯರ ದೂರವಾಣಿ ಸಂಖ್ಯೆ ಪ್ರತಿ ವಾರ್ಡಿನ ಗೋಡೆಯಲ್ಲಿ, ಊರಿನ ಜನ ಓದುವ ಭಾಷೆಗಳಲ್ಲಿ ಇರಬೇಕು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಇನ್ನೊಂದು ತಂಡವಿರುವುದಿಲ್ಲ ಎಂಬುದು ನಿಜ. ಅಂಥಲ್ಲಿಗೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರೊಬ್ಬರನ್ನು ಫೋನಿನಲ್ಲಿ ಲಭ್ಯಗೊಳಿಸುವುದು ಸರಕಾರಕ್ಕೆ ಅಸಾಧ್ಯವೇನಲ್ಲ. ನಾಲ್ಕು, ಹೆತ್ತವರ ಆತಂಕವನ್ನು ಮೇಲಿನವರಿಗೆ ಮುಟ್ಟಿಸಿದ ನರ್ಸನ್ನು ಗದರಿಸುವಂತಿಲ್ಲ ಎಂಬ ಲಿಖಿತ ಆದೇಶ ಬೇಕು. ಕರೆ ಸುಳ್ಳಾಯಿತೆಂದಾದರೆ ಇನ್ನೂ ಒಳ್ಳೆಯದಾಯಿತು, ಮಗು ಕ್ಷೇಮವಾಗಿದೆ ಎಂದಲ್ಲವೇ ಅರ್ಥ?

ಐದನೆಯದು ತರಬೇತಿ. ಕೇಳಿಸಿಕೊಳ್ಳುವುದು ಹುಟ್ಟುಗುಣವಲ್ಲ. ಇಂಜೆಕ್ಷನ್ ಕೊಡುವುದನ್ನು ಕಲಿಸುವಂತೆ ಅದನ್ನೂ ಕಲಿಸಬೇಕಾಗುತ್ತದೆ. ಎದ್ದು ಹೋಗುವ ಭಂಗಿಯಲ್ಲಿ ನಿಂತು ಕೇಳುವುದಕ್ಕೂ ಮಂಚದ ಪಕ್ಕ ಕ್ಷಣಕಾಲ ನಿಂತು ಕೇಳುವುದಕ್ಕೂ ವ್ಯತ್ಯಾಸವಿದೆ. ‘ಏನಾದರೂ ತೊಂದರೆಯಿದೆಯೇ?’ ಎಂದು ಕೇಳಿದರೆ ಬಡವರು ಇಲ್ಲವೆಂದೇ ಹೇಳುತ್ತಾರೆ. ‘ನಿಮಗೆ ಹೆಚ್ಚು ಭಯ ಹುಟ್ಟಿಸುತ್ತಿರುವುದು ಯಾವುದು?’ ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಹೇಳಿದ್ದನ್ನು ಅವರಿಗೇ ತಿರುಗಿ ಹೇಳಿ, ‘ನೀವು ಹೇಳಿದ್ದು ಇದೇ ತಾನೇ?’ ಎಂದು ಖಚಿತಪಡಿಸಿಕೊಂಡರೆ ಅರ್ಧ ಅಪಾರ್ಥ ಅಲ್ಲಿಗೇ ಮುಗಿಯುತ್ತದೆ. ನರ್ಸಿಂಗ್ ಕಾಲೇಜುಗಳ ಬಗ್ಗೆ ಹೆಮ್ಮೆಪಡುವ ನಮ್ಮ ನಗರಗಳು ಇದನ್ನು ಪಾಠವಾಗಿಸಬಾರದೇಕೆ?

ಸರಕಾರಕ್ಕೂ ಆಸ್ಪತ್ರೆಗೂ ಇಷ್ಟು ಹೇಳಿದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ನಮ್ಮ ಸಮುದಾಯ ಚಿಕಿತ್ಸೆಯ ವಿಷಯದಲ್ಲಿ ಜಿಪುಣವಲ್ಲ. ಬಡವರ ಮಗುವಿನ ಶಸ್ತ್ರಚಿಕಿತ್ಸೆಗೆಂದು ಜಮಾಅತ್‌ಗಳು ಒಂದೇ ದಿನದಲ್ಲಿ ಲಕ್ಷಾಂತರ ರೂಪಾಯಿ ಕೂಡಿಸಿದ ನಿದರ್ಶನಗಳಿವೆ. ರಾತ್ರಿ ರಕ್ತ ಬೇಕೆಂದರೆ ಹತ್ತು ಯುವಕರು ಓಡಿ ಬರುತ್ತಾರೆ. ಆದರೆ ಹಣ ಕೊಟ್ಟ ಬಳಿಕ ಆ ತಾಯಿಯ ಜೊತೆ ನಿಂತು ಆಕೆಯ ಮಾತನ್ನು ವೈದ್ಯರಿಗೆ ತಲುಪಿಸುವವರು ಯಾರು? ವೈದ್ಯರ ಕೋಣೆಗೆ ಹೋಗುವುದು ಅವಳ ಗಂಡನ ಅಣ್ಣ, ಸೋದರಮಾವ ಅಥವಾ ನಮ್ಮಂಥ ನೆರೆಮನೆಯವರು. ಮಗುವಿನ ಜೊತೆ ರಾತ್ರಿ ಎಚ್ಚರವಿದ್ದವಳು ಹೊರಗೆ ಬೆಂಚಿನಲ್ಲಿ ಕುಳಿತಿರುತ್ತಾಳೆ. ಮಗುವನ್ನು ಸಂಜೆ ಅರ್ಧ ಗಂಟೆ ಮಾತ್ರ ಕಂಡವರು ಒಳಗೆ ಅದರ ಸ್ಥಿತಿಯನ್ನು ವಿವರಿಸುತ್ತಿರುತ್ತಾರೆ. ವೈದ್ಯರು ಅವಳ ಮಾತು ಕೇಳುವುದಿಲ್ಲವೆಂದು ದೂರುವ ಮೊದಲು ನಾವು ಕೇಳಿದ್ದೇವೆಯೇ? ಅವಳನ್ನು ವೈದ್ಯರ ಮುಂದೆ ಕೂರಿಸಿ. ಭಾಷೆ ಬಾರದಿದ್ದರೆ ಅನುವಾದಿಸಿ. ಆದರೆ ಅನುವಾದಕನಿಗೆ ಮಾತನ್ನು ಕತ್ತರಿಸುವ ಹಕ್ಕಿಲ್ಲ. ಅವಳು ಹತ್ತು ವಾಕ್ಯ ಹೇಳಿದರೆ ಹತ್ತನ್ನೂ ಹೇಳಿ. ನಾವು ಅಂದು ಮಾಡದೇ ಹೋದದ್ದು ಅದನ್ನೇ.

ಇನ್ನೊಂದು ಮಾತು. ಮಗು ಮೃತಪಟ್ಟ ಬಳಿಕ ಆಸ್ಪತ್ರೆಯ ಮುಂದೆ ನೆರೆದು ಕೂಗಾಡುವ, ಗಾಜು ಒಡೆಯುವ, ಕರ್ತವ್ಯದಲ್ಲಿದ್ದ ನರ್ಸಿನ ಮೇಲೆ ಕೈ ಎತ್ತುವ ಪ್ರವೃತ್ತಿ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯ ವಿರುದ್ಧ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಹಲ್ಲೆ ಅಪರಾಧ ಮಾತ್ರವಲ್ಲ, ಮುಂದಿನ ಮಗುವಿಗೆ ಬಗೆಯುವ ದ್ರೋಹವೂ ಹೌದು. ಹೆದರಿದ ಸಿಬ್ಬಂದಿ ಹೆತ್ತವರಿಂದ ದೂರ ನಿಲ್ಲುತ್ತಾರೆ. ದೂರ ನಿಂತವರಿಗೆ ಮಾತು ಕೇಳಿಸುವುದಿಲ್ಲ. ಕೇಳದ್ದರಿಂದ ಇನ್ನೊಂದು ಮಗು ಸಾಯುತ್ತದೆ, ಮತ್ತೆ ಗಾಜು ಒಡೆಯುತ್ತದೆ. ಮರಣದ ಮರುದಿನ ಸಿಂಹಗಳಾಗುವ ನಾವು ಅದರ ಹಿಂದಿನ ರಾತ್ರಿ, ‘ಡಾಕ್ಟರೇ, ದಯವಿಟ್ಟು ಇನ್ನೊಮ್ಮೆ ಬಂದು ಮಗುವನ್ನು ನೋಡಿ’ ಎಂದು ಹೇಳಲು ನಾಚುವುದೇಕೆ?

ನೆರೆಮನೆಯ ಆ ಬಾಲಕ ಈಗ ಶಾಲೆಗೆ ಹೋಗುತ್ತಿದ್ದಾನೆ. ಬೆಳಗ್ಗೆ ಚೀಲ ಹೆಗಲಿಗೇರಿಸಿಕೊಂಡು ನಮ್ಮ ಅಂಗಳ ದಾಟಿಯೇ ಅವನು ಹೋಗಬೇಕು. ಅವನನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ನಮ್ಮದೇ ಆ ಮಾತು: ‘ನೀವು ಗಾಬರಿಯಾಗಬೇಡಿ.’ ಅವನ ತಾಯಿ ಅದನ್ನು ಎಂದೂ ಎತ್ತಿ ಆಡಿಲ್ಲ. ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಸದುದ್ದೇಶದಿಂದಲೇ ದಿನನಿತ್ಯ ಆಡುವ ಮಾತು ಅದು. ಅದರ ಬದಲಿಗೆ, ‘ನಿಮಗೆ ಹಾಗೆ ಅನಿಸಿದ್ದು ಯಾಕೆ, ಹೇಳಿ’ ಎಂದು ಕೇಳಲು ಹಣ ಬೇಡ, ಯಂತ್ರ ಬೇಡ, ಹೊಸ ಕಟ್ಟಡ ಬೇಡ. ವೈದ್ಯರು ಅದನ್ನು ಕೇಳಲಿ, ನರ್ಸ್ ಕೇಳಲಿ. ಅವರಿಗಿಂತ ಮೊದಲು ಮನೆಯವರಾದ ನಾವು ಕೇಳೋಣ.